ಪಾಷಾ ಸಾಬರು ಆರಿಸಿಕೊಟ್ಟ ಮಚ್ಚು

ಗೌನಿಪಲ್ಲಿಯ ಜಾನ್ ಪಾಷಾ ಸಾಬರು, ಎರಡು ಬಂಡಿಗಳು ಎದುರುಬದುರಾಗಿ ಸಲೀಸಾಗಿ ಹಾದುಹೋಗುವಷ್ಟು ಅಗಲವಾದ ಬೀದಿಯಲ್ಲಿಯೂ ಓರೆಯಾಗಿಯೇ ನಡೆಯುತ್ತಿದ್ದರು. ಎಡಭುಜ ಮುಂದು, ಬಲಭುಜ ಹಿಂದು, ಗದ್ದವನ್ನು ಎದೆಗೊತ್ತಿ, ಹೆಜ್ಜೆಹೆಜ್ಜೆಗೂ ಮೈಯನ್ನು ತುಸು ತಿರುಚಿ ಅವರು ಬರುವುದನ್ನು ಕಂಡರೆ, ನಮ್ಮ ಕಣ್ಣಿಗೆ ಕಾಣದ ಯಾವುದೋ ಮುಳ್ಳುಪೊದೆಯನ್ನು ಸೀಳಿಕೊಂಡು ಬರುತ್ತಿರುವಂತೆ ತೋರುತ್ತಿತ್ತು. ಹದಿನಾಲ್ಕನೆಯ ವಯಸ್ಸಿನಿಂದ ಶ್ರೀನಿವಾಸಪುರ ಸೀಮೆಯ ಮಾವಿನ ತೋಪುಗಳಲ್ಲಿ ಜಾಲಿ, ತಂಗಡಿ, ಲಂಟಾನಗಳನ್ನು ಸವರುವುದೇ ಕಸುಬಾಗಿದ್ದ ಆ ದೇಹಕ್ಕೆ, ಬಯಲು ಎಂಬುದೊಂದಿದೆಯೆಂಬ ನಂಬಿಕೆಯೇ ಹೊರಟುಹೋಗಿತ್ತೇನೋ. ಮೈಮೇಲೊಂದು ಕರಿಯ ಕೋಟು. ಯಾವ ಕಾಲದಲ್ಲಿಯೋ ತೋಪಿನ ಯಜಮಾನರೊಬ್ಬರು ತೊಟ್ಟು ಬಿಟ್ಟದ್ದು. ಅದರ ಬೆನ್ನು ಗಟ್ಟಿಯಾಗಿತ್ತು, ಗುಂಡಿಗಳೂ ಇದ್ದವು. ತೋಳುಗಳು ಮಾತ್ರ ಮೊಣಕೈಯಿಂದ ಕೆಳಗೆ ಮುಳ್ಳಿಗೆ ಸಿಕ್ಕಿ ಸಿಕ್ಕಿ ಜೂಲುಜೂಲಾಗಿ ಜೋತಾಡುತ್ತಿದ್ದವು. ಅವರ ಹೆಂಡತಿ ಹಜೀರಾಬಿ ಆ ಜೂಲನ್ನು ಕತ್ತರಿಸಿಬಿಡುತ್ತೇನೆಂದು ಪ್ರತಿ ರಂಜಾನಿಗೂ ಹೇಳುವರು. "ನಕ್ಕೋ, ಬೇಡ. ಮುಳ್ಳಿಗೂ ಏನಾದ್ರೂ ಬೇಕಲ್ಲ" ಎಂದು ಸಾಬರು ಪ್ರತಿ ರಂಜಾನಿಗೂ ತಪ್ಪಿಸಿಕೊಳ್ಳುವರು.

ನಾನು ಆಗ ಸಿಡುಬಿಗೆ ಚುಚ್ಚುಮದ್ದು ಹಾಕುವ ಸರ್ಕಾರಿ ನೌಕರ. ನನ್ನ ಚರ್ಮದ ಪೆಟ್ಟಿಗೆಯನ್ನು ದೂರದಿಂದ ಕಂಡರೆ ತಾಯಂದಿರು ಮಕ್ಕಳನ್ನು ಕಾಳು ತುಂಬುವ ವಾಡೆಗಳ ಹಿಂದೆ ಬಚ್ಚಿಡುತ್ತಿದ್ದ ಕಾಲ ಅದು. ಮನೆಗಳಲ್ಲಿ ಸಿಗದ ತೋಳುಗಳು ಸಂತೆಯಲ್ಲಾದರೂ ಸಿಕ್ಕಾವೆಂದು, ಮೂವತ್ತಾರನೆಯ ಇಸವಿಯಿಂದ ಗೌನಿಪಲ್ಲಿಯ ವಾರದ ಸಂತೆಯಲ್ಲಿ ಒಂದು ಹುಣಸೆಮರದಡಿ ಕೂರುವುದನ್ನು ರೂಢಿ ಮಾಡಿಕೊಂಡೆ. ಪಕ್ಕದಲ್ಲೇ ಕಮ್ಮಾರ ಕೋದಂಡಾಚಾರಿ ಗೋಣಿ ಹಾಸಿ ಗುದ್ದಲಿ, ಕುಡುಗೋಲು, ಮಚ್ಚುಗಳನ್ನು ಹರಡುತ್ತಿದ್ದ. ಬೇರೆಲ್ಲವನ್ನೂ ಜನ ತಾವಾಗಿಯೇ ನೋಡಿ ಕೊಳ್ಳುತ್ತಿದ್ದರು. ಮಚ್ಚು ಬೇಕಾದವರು ಮಾತ್ರ "ಸಾಬ್ರು ಬರ್ಲಿ" ಎಂದು ನೆರಳು ನೋಡಿ ಕೂತುಬಿಡುವರು. ಸಾಬರು ಕಮ್ಮಾರರಲ್ಲ, ವ್ಯಾಪಾರಿಯೂ ಅಲ್ಲ. ಆರಿಸಿಕೊಟ್ಟದ್ದಕ್ಕೆ ಯಾರಿಂದಲೂ ಒಂದು ಬೀಡಿಯನ್ನು ಸಹ ಮುಟ್ಟಿದವರಲ್ಲ.

ಅವರ ಪರೀಕ್ಷೆ ಮೊದಲು ಮಚ್ಚಿಗಲ್ಲ, ಕೊಳ್ಳುವವನಿಗೆ. "ಏನ್ ಕಡೀತೀಯ?" ಎಂದು ಕೇಳುವರು. ಲಂಟಾನವೆಂದರೆ ಹಗುರವಾದದ್ದು, ಜಾಲಿಯೆಂದರೆ ಮೂತಿಯಲ್ಲಿ ಭಾರವಿರುವುದು. ಆಮೇಲೆ ವೈದ್ಯರು ನಾಡಿ ಹಿಡಿಯುವಂತೆ ಅವನ ಮಣಿಕಟ್ಟನ್ನು ಹಿಡಿದು ಎಲುಬಿನ ಅಳತೆ ನೋಡುವರು. ಬಳಿಕ ಅಲಗಿನ ಬಾಗು. "ಅಂಗಲ್ಲಪ್ಪಾ" ಎಂಬುದು ಅವರ ಪ್ರತಿ ಮಾತಿನ ಪೀಠಿಕೆ. ಎದುರಿನವನು ಏನನ್ನೂ ಹೇಳಿರದಿದ್ದರೂ ಅದು ಬಂದೇ ಬರುತ್ತಿತ್ತು. "ಅಂಗಲ್ಲಪ್ಪಾ, ಕೊಕ್ಕು ಕೊಂಬೇನ ಹತ್ರಕ್ಕೆ ಎಳ್ಕೋಬೇಕು. ಜಾರೋ ಮಚ್ಚು ಮೊಣಕಾಲಿಗೆ ಬರ್ತದೆ." ಅಂಚಿನ ಹರಿತವನ್ನು ಹೆಬ್ಬೆರಳಿನಿಂದ ಸವರಿ ತಲೆದೂಗುವವರನ್ನು ಕಂಡರೆ ಅವರಿಗೆ ನಗು. "ಹರಿತ ನಾಳೆ ಕಲ್ಲಿಗುಜ್ಜಿದ್ರೂ ಬರ್ತದೆ. ಕತ್ತು ನೋಡು, ಕತ್ತು!" ಅಲಗು ಹಿಡಿಯೊಳಕ್ಕೆ ಇಳಿಯುವ ಜಾಗಕ್ಕೆ ಅವರು ಕತ್ತು ಎನ್ನುತ್ತಿದ್ದರು. ಕಟ್ಟಕಡೆಗೆ, ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ತೂಗುಹಾಕಿ, ಅಲಗನ್ನು ಉಗುರಿನಿಂದ ಮೀಟಿ, ಆ ನಾದ ಅಡಗುವ ತನಕ ಕಣ್ಣುಮುಚ್ಚಿ ನಿಲ್ಲುವರು. ಒಳಗೆ ಬಿರುಕಿದ್ದರೆ, ಬೆಸುಗೆ ಕೂಡಿರದಿದ್ದರೆ, ಕಬ್ಬಿಣವೇ ಮೊಂಡುದನಿಯಲ್ಲಿ ಹೇಳಿಬಿಡುತ್ತಿತ್ತು. ಒಳ್ಳೆಯದಾದರೆ ಮಾತಿಲ್ಲದೆ ಕೊಳ್ಳುವವನ ಕೈಗೆ. ಅಲ್ಲವಾದರೆ ಮಾತಿಲ್ಲದೆ ಗೋಣಿಯ ಮೇಲೆ, ಬೋರಲಾಗಿ. ಬೋರಲು ಬಿದ್ದದ್ದನ್ನು ಕೋದಂಡಾಚಾರಿ ಮರುಮಾತಾಡದೆ ಚೀಲಕ್ಕೆ ಹಾಕಿಕೊಂಡು ಮತ್ತೆ ಕುಲುಮೆಗೆ ಒಯ್ಯುತ್ತಿದ್ದ. ಇಪ್ಪತ್ತು ವರ್ಷಗಳ ಸ್ನೇಹ ಅವರದು; ಯುಗಾದಿಯ ಒಬ್ಬಟ್ಟು ಆ ಮನೆಗೆ, ಹಬ್ಬದ ಶ್ಯಾವಿಗೆ ಈ ಮನೆಗೆ ತಪ್ಪದೆ ನಡೆಯುತ್ತಿದ್ದವು.

ಒಮ್ಮೆ ತೋಪಿನ ಯಜಮಾನ ಚನ್ನರಾಯಪ್ಪನವರು ಬೆಂಗಳೂರಿನಿಂದ ಹಿತ್ತಾಳೆಯ ಕಟ್ಟಿನ ಹಿಡಿಯಿದ್ದ ಹೊಳೆಯುವ ಮಚ್ಚೊಂದನ್ನು ತರಿಸಿ, ಸಂತೆಯ ನಡುವೆ ಸಾಬರ ಕೈಗಿತ್ತು, ಹತ್ತು ಜನರೆದುರು ಅಭಿಪ್ರಾಯ ಕೇಳಿದರು. ಸಾಬರು ಮೀಟಿ, ಕಣ್ಣುಮುಚ್ಚಿ, ಬಲು ಹೊತ್ತು ಕೇಳಿಸಿಕೊಂಡು, ವಿನಯದಿಂದ ಎರಡೂ ಕೈಯಲ್ಲಿ ಹಿಂದಿರುಗಿಸಿದರು. "ಅಂಗಲ್ಲ ಯಜಮಾನ್ರೇ, ಗೋಡೆಗೆ ಭಾಳ ಚೆನ್ನಾಗಿರ್ತದೆ." ಯಜಮಾನರಿಗೆ ಸಿಟ್ಟು ಬಂದರೂ ಮಚ್ಚು ಗೋಡೆಗೇ ಹೋಯಿತು.

ಇಂಥ ಮನುಷ್ಯನಿಗೆ ಒದಗಿದ್ದನ್ನು ಹೇಳಬೇಕು.

ಯುದ್ಧ ಬಂತು. ಆಚಾರಿ ಮಚ್ಚು ಬಡಿಯುತ್ತಿದ್ದುದು ಹಳೆಯ ಲಾರಿಗಳ ಕಮಾನುಪಟ್ಟಿಯಿಂದ. ನಲವತ್ತಮೂರರ ಹೊತ್ತಿಗೆ ಅದು ಕಣ್ಣಿಗೂ ಬೀಳದಾಯಿತು. ನಾಲ್ಕು ಸಂತೆ ಅವನ ಗೋಣಿ ಬರಿದಾಗಿತ್ತು. ಮನೆಯಲ್ಲಿ ಐದು ಮಕ್ಕಳು, ಕೆಮ್ಮುವ ಹೆಂಡತಿ. ಐದನೆಯ ಸಂತೆಗೆ ಎಂಟು ಮಚ್ಚು ತಂದ. ಬಂಡಿಪಟ್ಟಿಯ ತುಂಡು, ಮುರಿದ ನೇಗಿಲಗುಳ ಎಲ್ಲವನ್ನೂ ಕತ್ತಿನ ಬಳಿ ಬೆಸೆದು ಮಾಡಿದವು.

ಆ ದಿನ ಬಂದವಳು ತೋಪಿನ ಕೂಲಿ ಗಂಗುಲಪ್ಪನ ಮಗಳು ಆದಿಲಕ್ಷ್ಮಿ. ಹದಿನೆಂಟರ ಹುಡುಗಿ. ಅದುವರೆಗೆ ಅಪ್ಪನ ಮಚ್ಚಿನಲ್ಲೇ ಕೆಲಸ ಮಾಡುತ್ತಿದ್ದವಳಿಗೆ ಹೋಳೂರಿನ ಕಡೆ ಮದುವೆ ಗೊತ್ತಾಗಿತ್ತು. ಹೋಗುವ ಮನೆಗೆ ಸ್ವಂತದ್ದೊಂದು ಒಯ್ಯಬೇಕೆಂಬ ಆಸೆ.

"ತಾತಾ, ನಂಗೂ ಒಂದು ಆರಿಸ್ಕೊಡು."

ಸಾಬರು ಅವಳ ಮಣಿಕಟ್ಟು ಹಿಡಿದು ನೋಡಿ ನಕ್ಕರು. ಮೊದಲನೆಯದನ್ನು ಮೀಟಿದರು, ಬೋರಲು. ಎರಡನೆಯದೂ ಬೋರಲು. ಒಂದೊಂದಾಗಿ ಏಳು ಬೋರಲು ಬಿದ್ದವು. ಎಂಟನೆಯದನ್ನು ಮೀಟಿದಾಗ, ಎರಡು ಮಾರು ದೂರದಲ್ಲಿ ಸೂಜಿ ಒರಸುತ್ತ ಕೂತಿದ್ದ ನನ್ನಂಥ ಅರಿಯದವನ ಕಿವಿಗೂ ಅದು ಒಡೆದ ಮಡಕೆಯಂತೆ ಕೇಳಿಸಿತು. ಸಾಬರ ಕೈ ಗೋಣಿಯತ್ತ ಬಾಗಿತು.

"ಪಾಷಾ," ಎಂದ ಆಚಾರಿ, ತಲೆಯೆತ್ತದೆ, ನನಗೂ ಸಾಬರಿಗೂ ಮಾತ್ರ ಕೇಳುವಷ್ಟು ಮೆಲ್ಲಗೆ. "ಮನೇಲಿ ಒಲೆ ಹಚ್ಚಿ ಎರಡು ದಿನ ಆಯ್ತು ಕಣೋ."

ಗೋಣಿಗೂ ಹುಡುಗಿಗೂ ನಡುವೆ ಆ ಕೈ ನಿಂತಿತು. ಆಮೇಲೆ ಅದು ಹುಡುಗಿಯತ್ತ ಚಾಚಿತು.

"ಜಾಲಿಗೆ ಬೇಡ ಬೇಟಿ," ಎಂದರು ಸಾಬರು. "ಲಂಟಾನಕ್ಕೆ ಇಟ್ಕೋ."

"ನಮ್ಮಂತೋರಿಗೆ ಎರಡಕ್ಕೂ ಒಂದೇ ಅಲ್ವಾ ತಾತಾ?" ಎಂದು ಅವಳು ನಕ್ಕು, ಮಚ್ಚನ್ನು ಎರಡೂ ಕಣ್ಣಿಗೊತ್ತಿಕೊಂಡು ಹೊರಟಳು. ಕೂಗಿ ಕರೆಯಬಹುದಾಗಿತ್ತು. ಸಾಬರು ಬಾಯಿ ತೆರೆದದ್ದನ್ನೂ ಮುಚ್ಚಿದ್ದನ್ನೂ ನಾನು ಕಂಡೆ.

ನಾಲ್ಕನೆಯ ದಿನ, ಚನ್ನರಾಯಪ್ಪನವರ ತೋಪಿನಲ್ಲಿ, ಜಾಲಿಯ ಬುಡಕ್ಕೆ ಬೀಸಿದ ಮಚ್ಚು ಕತ್ತಿನಲ್ಲಿ ಮುರಿದು, ಅಲಗು ಹಿಂದಕ್ಕೆ ಸಿಡಿದು ಅವಳ ಬಲಗಣ್ಣಿಗೆ ಬಡಿಯಿತು. ಪಕ್ಕದ ಹಳ್ಳಿಯಲ್ಲಿದ್ದ ನನ್ನನ್ನು ಓಡಿಬಂದು ಕರೆದರು. ನನಗೆ ತಿಳಿದಷ್ಟು ಬಟ್ಟೆ ಕಟ್ಟಿ, ಬಂಡಿಯಲ್ಲಿ ಶ್ರೀನಿವಾಸಪುರಕ್ಕೆ, ಅಲ್ಲಿಂದ, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಕೋಲಾರಕ್ಕೆ ಹೊರಟೆವು. ಸಾಬರು ಯಾರೂ ಕರೆಯದೆ ಬಂದು ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದರು. ಪ್ರತಿ ಏರಿನಲ್ಲಿಯೂ ಆ ಬಸ್ಸು ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಪ್ರತಿ ಸಲವೂ ಮೊದಲು ಇಳಿದು, ಹಿಂಬದಿಗೆ ಭುಜ ಕೊಟ್ಟು, ಬಸ್ಸು ಹೊರಟ ಮೇಲೆ ಓಡಿಬಂದು ಹತ್ತಿಕೊಳ್ಳುತ್ತಿದ್ದವರು ಅವರೇ. ಆಸ್ಪತ್ರೆಯಲ್ಲಿ ಜೀವಕ್ಕೆ ಭಯವಿಲ್ಲವೆಂದರು. ಕಣ್ಣು ಉಳಿಯಲಿಲ್ಲ. ಹದಿನೈದು ದಿನದೊಳಗೆ ಹೋಳೂರಿನಿಂದ ಹಿರಿಯರೊಬ್ಬರು ಬಂದು, ನೀರನ್ನೂ ಕುಡಿಯದೆ, ಸಂಬಂಧ ಬೇಡವೆಂದು ಹೇಳಿಹೋದರು.

ಅದಾದ ಮೇಲಿನ ಸಂತೆಯಲ್ಲಿ ಗಂಗುಲಪ್ಪ ಬಂದು ಮುರಿದ ಮಚ್ಚಿನ ಎರಡು ತುಂಡುಗಳನ್ನು ಆಚಾರಿಯ ಗೋಣಿಯ ಮೇಲಿಟ್ಟ. ಅವನ ದನಿಯಲ್ಲಿ ಕೋಪವಿರಲಿಲ್ಲ, ಅದೇ ಭಯಂಕರವಾಗಿತ್ತು.

"ನೀವೇ ಹೇಳಿ ಸಾಬ್ರೇ. ಕಬ್ಣದ್ ತಪ್ಪಾ, ನನ್ ಮಗಳ ಕೈ ತಪ್ಪಾ?"

ಅಂದು ಸಾಬರ ಮಾತಿಗೆ ಪೀಠಿಕೆ ಬರಲಿಲ್ಲ. "ನಂದು ಗಂಗುಲಪ್ಪಾ. ದನಿ ಮೊಂಡು ಅಂತ ಕೇಳಿಸ್ತು. ಕೇಳಿಸಿದ್ರೂ ಕೊಟ್ಟೆ."

"ಗೊತ್ತಿದ್ದೂ ಕೊಟ್ರಾ? ಯಾಕೆ?"

ಆಚಾರಿ ಎದ್ದುನಿಲ್ಲಹೋದ. ಸಾಬರು ಅವನ ಮೊಣಕಾಲ ಮೇಲೆ ಕೈಯೂರಿ ಕೂರಿಸಿದರು. "ಕಬ್ಣ ಇಲ್ದಿರೋ ಕಾಲ, ಕೂಡಿಸಿ ಮಾಡ್ತಾರೆ. ಏಳು ಬೋರ್ಲು ಹಾಕ್ದೆ. ಎಂಟ್ನೇದೂ ಹಾಕ್ಬೇಕಿತ್ತು. ಅದು ಆಚಾರಿ ಕೆಲ್ಸ ಅಲ್ಲ, ನನ್ ಕೆಲ್ಸ."

ಯಾರೋ ಉಗುಳಿದರು. "ಇನ್ಯಾರನ್ನ ನಂಬೋದು?" ಎಂದು ಒಬ್ಬ ಮುದುಕಿ ಯಾರಿಗೂ ಅಲ್ಲದಂತೆ ಕೇಳಿದಳು. ಆ ಮಾತಿಗೆ ಸಾಬರು ಕಣ್ಣು ಮುಚ್ಚಿದರು. ಕಾರಣ ಬಲ್ಲ ಮೂರನೆಯವನು ಹುಣಸೆಮರದಡಿ ಕೂತಿದ್ದೆ, ನಾನೂ ಬಾಯಿಬಿಡಲಿಲ್ಲ. ಹೇಳಿದ್ದರೆ ಆಚಾರಿಯ ಮಕ್ಕಳ ಗತಿಯೇನೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಎದ್ದು ಹೇಳುವ ಧೈರ್ಯವಿರಲಿಲ್ಲವೆಂಬುದು ಅದಕ್ಕಿಂತ ನಿಜ.

ಅಂದು ಸಾಯಂಕಾಲ ಸಾಬರು ಗಂಗುಲಪ್ಪನ ಮನೆಗೆ ಹೋದರು. ಆದಿಲಕ್ಷ್ಮಿ ಗೋಡೆಗೊರಗಿ ಕೂತಿದ್ದಳು. "ಗೊತ್ತಿತ್ತಾ ತಾತಾ ನಿಂಗೆ?" ಎಂದಳು. "ಗೊತ್ತಿತ್ತಮ್ಮಾ" ಎಂದರು. ಅವಳು ಗೋಡೆಯತ್ತ ಮುಖ ತಿರುಗಿಸಿಕೊಂಡಳು. ದೀಪ ಹಚ್ಚುವ ತನಕ ಹೊಸಿಲಾಚೆ ನಿಂತಿದ್ದು ಸಾಬರು ಹಿಂದಿರುಗಿದರಂತೆ. ಇದನ್ನು ನನಗೆ ಹೇಳಿದವಳು ಅವಳ ತಾಯಿ ಮುನಿಗಂಗಮ್ಮ.

ಆಮೇಲೆ ಸಾಬರು ಯಾರಿಗೂ ಮಚ್ಚು ಆರಿಸಿಕೊಡಲಿಲ್ಲ. ಕೇಳುವವರೂ ಇರಲಿಲ್ಲವೆನ್ನಿ. ವರ್ಷ ಕಳೆದು ಆದಿಲಕ್ಷ್ಮಿ ಮತ್ತೆ ತೋಪಿನ ಕೆಲಸಕ್ಕೆ ಬರತೊಡಗಿದಾಗ, ಸಾಬರೂ ಅವಳಿದ್ದ ತೋಪಿಗೇ ಹೋಗತೊಡಗಿದರು. ಎಲ್ಲರಿಗಿಂತ ಮೊದಲು ಹೋಗಿ, ಅವಳ ಸಾಲಿನ ದಪ್ಪ ಬುಡಗಳನ್ನೂ ಮುಳ್ಳಿನ ಜಾಲಿಯನ್ನೂ ಕಡಿದು ಪಕ್ಕಕ್ಕೆಳೆದು, ಎಳೆಯ ಲಂಟಾನವನ್ನಷ್ಟೇ ಅವಳಿಗೆ ಉಳಿಸಿಡುತ್ತಿದ್ದರು. ಅವಳಿಗೆ ತಿಳಿದಿತ್ತು. ಮೂರು ವರ್ಷ ಒಂದು ಮಾತೂ ಆಡಲಿಲ್ಲ.

ನಲವತ್ತೇಳರ ಮಳೆಗಾಲ ಮುಗಿದ ಮೇಲೆ ನಾನು ಆ ತೋಪಿನ ಬದುವಿನಲ್ಲಿ ಹಾದುಹೋಗುತ್ತಿದ್ದೆ. ಸಾಬರು ಬಹಳ ಕುಗ್ಗಿದ್ದರು. ಒಂದು ಪೊದೆಯ ಕಡೆಗೆ ಬಗ್ಗಿ ಹೋಗುತ್ತಿದ್ದರು. ಹಿಂದಿನಿಂದ ಆದಿಲಕ್ಷ್ಮಿಯ ದನಿ ಕೇಳಿಸಿತು. "ತಾತಾ, ಆ ಕಡೆ ಹುತ್ತ ಐತೆ. ಹುಷಾರು." ಅಷ್ಟೇ. ಸಾಬರು ನಿಂತರು. ತಿರುಗಿ ನೋಡಲಿಲ್ಲ. ಮಚ್ಚನ್ನು ನೆಲಕ್ಕಿಟ್ಟು, ಹುತ್ತದ ಮುಂದೆಯೇ ಕುಕ್ಕರಗಾಲಲ್ಲಿ ಕೂತು, ತಲೆಯ ವಸ್ತ್ರವನ್ನು ಬಾಯಿಗೊತ್ತಿಕೊಂಡು ಅತ್ತರು. ಅವಳು ಅತ್ತ ನೋಡದೆ ತನ್ನ ಸಾಲನ್ನು ಕಡಿಯುತ್ತ ಹೋದಳು.

ಆ ಚಳಿಗಾಲದಲ್ಲೇ ಜ್ವರ ಬಂದು ಎಂಟು ದಿನದಲ್ಲಿ ಸಾಬರು ತೀರಿಕೊಂಡರು. ಮಣ್ಣಿಗೆ ಬಂದವರು ಹೆಚ್ಚಿರಲಿಲ್ಲ. ಕೋದಂಡಾಚಾರಿ ದೂರದ ಬೇವಿನ ಕೆಳಗೆ, ಬಂದಿಲ್ಲವೆಂಬಂತೆ ನಿಂತಿದ್ದ.

ಸಾಬರಂಥವರು ಊರಿಗೊಬ್ಬರು ಇರುತ್ತಾರೆ. ಮಣ್ಣು ಮೂಸಿ ಬಾವಿಗೆ ಜಾಗ ತೋರಿಸುವವರು, ಗೊರಸು ನೋಡಿ ಎತ್ತಿನ ಆಯಸ್ಸು ಹೇಳುವವರು. ಊರು ಅವರ ಮಾತಿನ ಮೇಲೆ ಕಾಲಿಟ್ಟು ನಡೆಯುತ್ತದೆ. ನಮ್ಮಂಥ ಸಾಧಾರಣರು ದಿನಕ್ಕೆ ಹತ್ತು ಸಲ ದಾಕ್ಷಿಣ್ಯಕ್ಕೆ ಬಸಿರಾಗಿ ಇಲ್ಲದ್ದನ್ನು ಇದೆಯೆನ್ನುತ್ತೇವೆ. ಯಾರಿಗೂ ಪೆಟ್ಟಾಗುವುದಿಲ್ಲ, ಏಕೆಂದರೆ ನಮ್ಮನ್ನು ನೆಚ್ಚಿ ಯಾರೂ ಕೈ ಬೀಸಿರುವುದಿಲ್ಲ. ಎಲ್ಲರೂ ನೆಚ್ಚಿದವನಿಗೆ ಮಾತ್ರ ಒಂದೇ ಒಂದು ಸಲ ಸ್ನೇಹಿತನ ಮುಖ ನೋಡುವ ಸ್ವಾತಂತ್ರ್ಯವೂ ಇಲ್ಲ. ಅವನ ಕೈಯೂ ನಡುಗಬಹುದೆಂಬುದು ನಮಗೆ ಹೊಳೆಯುವುದೇ ಇಲ್ಲ. ಹೊಳೆಯುವ ಹೊತ್ತಿಗೆ ಯಾರಿಗೋ ಗಾಯವಾಗಿರುತ್ತದೆ.