ಆಸ್ಯಮ್ಮನ ಖಾಲಿ ಹೊಟ್ಟೆ

1.
ಎಲ್ಲಿಂದ ಶುರು ಮಾಡಲಿ? ನನ್ನ ಅಜ್ಜಿಯಾಗಿದ್ದರೆ ಕಥೆಯನ್ನು ಏಳು ಸಮುದ್ರದ ಆಚೆಯಿಂದ ಶುರು ಮಾಡುತ್ತಿದ್ದಳು. ನನ್ನ ಪಾಲಿಗೆ ಸಿಕ್ಕಿದ್ದು ಕೂಳೂರು ಸೇತುವೆಯ ಆಚೆ. ವಿಶ್ವವಿದ್ಯಾಲಯದ ಸಮುದಾಯ ಆರೋಗ್ಯ ಕೇಂದ್ರದವರು, "ಸಕ್ಕರೆ ಕಾಯಿಲೆಯ ಬಗ್ಗೆ ಜನ ಓದುವಂಥ ಒಂದು ಕಥೆ ಬರೆದುಕೊಡಿ, ಸ್ವಲ್ಪ ಪಾಸಿಟಿವ್ ಇರಲಿ" ಎಂದಿದ್ದಾರೆ.

(ಮೊದಲ ಡ್ರಾಫ್ಟ್ "ಮಧುಮೇಹವು..." ಎಂದು ಶುರುವಾಗಿತ್ತು. ನನಗೇ ನಿದ್ದೆ ಬಂತು. ಹರಿದೆ.)

2.
ಆಸ್ಯಮ್ಮ ಬರಲಿ. ಕೂಳೂರಿನಲ್ಲಿ ಮನೆ, ಕಾಲಿನ ಹೆಬ್ಬೆರಳಲ್ಲಿ ಒಣಗದ ಗಾಯ. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಜೀವ ಗಿಳಿಯೊಳಗಿರುತ್ತಿತ್ತು. ಇಲ್ಲಿ ಆಸ್ಯಮ್ಮನ ಕಾಲಿನ ಜೀವ ಒಂದು ಹನಿ ರಕ್ತದೊಳಗಿದೆ. ಅದೂ ಖಾಲಿ ಹೊಟ್ಟೆಯ ರಕ್ತವೇ ಬೇಕೆಂದು ಕೇಂದ್ರದ ಡಾಕ್ಟರರ ಹಟ.

ಬೆಳಿಗ್ಗೆ ಕೇಂದ್ರದ ವಿದ್ಯಾರ್ಥಿನಿ ಮೋಕ್ಷಾ ಸಕ್ಕರೆ ಅಳೆಯುವ ಮೀಟರ್ ಹಿಡಿದು ಬಂದಳು.

"ಏನೂ ತಿಂದಿಲ್ಲ ಅಲ್ವಾ ಆಸ್ಯಮ್ಮ?"

"ರಾತ್ರಿಯಿಂದ ನೀರು ಮಾತ್ರ ಮಗಳೇ. ಕೂತ್ಕೊ, ಮೊದಲು ಚಾ ಕುಡಿ."

ಚಾ ಬಂತು, ಅಕ್ಕಿರೊಟ್ಟಿಯಂಥ ಪತ್ತಿರಿ ಬಂತು. ಮನೆಗೆ ಬಂದವಳನ್ನು ಒಬ್ಬಳೇ ಕುಡಿಯಲು ಬಿಡುವುದುಂಟೇ? ಆಸ್ಯಮ್ಮ ತಾವೂ ಒಂದು ಗ್ಲಾಸ್ ಎತ್ತಿದರು. ಸಕ್ಕರೆ ಹಾಕಿಯೇ. ಮೀಟರ್ ಬ್ಯಾಗಿಗೆ ವಾಪಸ್. ಮುಂದಿನ ವಾರವೂ ಇದೇ ಕಥೆ, ಪತ್ತಿರಿಯ ಬದಲು ಕಲ್ತಪ್ಪ.

3.
(ಇಲ್ಲಿ ಗಂಭೀರ ಅಂತ್ಯವೊಂದನ್ನು ಯೋಚಿಸಿದ್ದೆ: ಗಾಯ ಹೆಚ್ಚಾಗುತ್ತದೆ, ಆಪರೇಷನ್, ಪಶ್ಚಾತ್ತಾಪ, ಓದುಗರಿಗೆ ನೀತಿ.)

"ಎಂತ? ನಿನ್ನ ನೀತಿಗೆ ನನ್ನ ಕಾಲು ಬೇಕಾ?" ವಾಕ್ಯದ ನಡುವೆಯೇ ಆಸ್ಯಮ್ಮ ನನ್ನತ್ತ ತಿರುಗಿದರು.

"ಹಾಗಾದರೆ ಚಾ ಬಿಡಿ," ಎಂದೆ.

"ಬಂದವರಿಗೆ ಕೊಡದೆಯಾ? ಹಾಗೆ ಬರೆದರೆ ಅದು ನಾನಲ್ಲ. ಬೇರೆ ಯಾರನ್ನಾದ್ರೂ ನೋಡಿಕೋ."

4.
ಇನ್ನೊಂದು ಅಂತ್ಯ: ಮೋಕ್ಷಾ ಚಾ ಬೇಡ ಎನ್ನುತ್ತಾಳೆ.

(ಆಸ್ಯಮ್ಮ ಮುಖ ಊದಿಸಿಕೊಂಡು ಒಳಗೆ ಹೋದರು. ಇದೂ ಕಸದ ಬುಟ್ಟಿಗೆ.)

5.
ಕೊನೆಗೆ ಮೋಕ್ಷಾಳೇ, ನನ್ನನ್ನು ಕೇಳದೆ, ಚಾಪೆಯ ಮೇಲೆ ಕೂತು ಹೇಳಿದಳು: "ಇವತ್ತು ನಾನೂ ಎಂತದೂ ತಿಂದಿಲ್ಲ ಆಸ್ಯಮ್ಮ. ನಿಮ್ಮದು ಟೆಸ್ಟ್ ಆದ ಮೇಲೆಯೇ ನನಗೆ ಚಾ. ರಂಜಾನಿನಲ್ಲಿ ನೋಂಬು ಬಿಡುವುದು ಎಲ್ಲರೂ ಒಟ್ಟಿಗೆ ಅಲ್ವಾ?"

"ಅಯ್ಯೋ ಮಾರಾಯ್ತಿ, ಹಸ್ಕೊಂಡು ಬಂದದ್ದಾ? ಮೊದಲೇ ಹೇಳ್ಲಿಕ್ಕೆ ಆಗುದಿಲ್ವಾ? ಹಿಡಿ, ಬೇಗ ಚುಚ್ಚು!"

ನಾನು ಇಷ್ಟು ಪುಟ ಹರಿದರೂ ಬಾರದ ಬೆರಳು ತಾನಾಗಿ ಮುಂದೆ ಬಂತು.

6.
ಮೀಟರಿನಲ್ಲಿ ಸಂಖ್ಯೆ ಮೂಡಿತು. ಬರೆದುಕೊಳ್ಳಲು ನಾನು ಬಗ್ಗಿದೆ. ಆಸ್ಯಮ್ಮ ಅಂಗೈ ಅಡ್ಡ ಹಿಡಿದರು.

"ಅದು ನನ್ನದು. ಊರಿಗೆಲ್ಲ ಯಾಕೆ?" ಆಮೇಲೆ, ಸ್ವಲ್ಪ ಮೆತ್ತಗೆ, ಮೋಕ್ಷಾಳಿಗೆ: "ನಾಳೆಯೇ ಫಳ್ನೀರಿನ ಡಾಕ್ಟ್ರಲ್ಲಿಗೆ ಹೋಗುವ. ನೀನೂ ಬರ್ತೀಯಲ್ಲ?"

ಗಾಯ ಒಣಗಿತೇ ಎಂದು ಕೇಳಬೇಡಿ ಓದುಗರೇ. ಅಜ್ಜಿಯೂ ಕಥೆ ಮುಗಿಯುವ ಮೊದಲೇ ನಿದ್ದೆ ಹೋಗುತ್ತಿದ್ದಳು. ನನಗಂತೂ ಈಗ ಪುರುಸೊತ್ತಿಲ್ಲ. ಚಾಪೆಯ ಮೇಲೆ ಮೂರನೆಯ ಗ್ಲಾಸ್ ಬಂದು ಕೂತಿದೆ. "ಬರೆದದ್ದು ಸಾಕು ಮಗಳೇ, ತಣ್ಣಗಾಗ್ತಾ ಉಂಟು," ಎನ್ನುತ್ತಿದ್ದಾರೆ ಆಸ್ಯಮ್ಮ. ಅವರ ಗ್ಲಾಸಿಗೆ ಸಕ್ಕರೆ ಹಾಕಿದ್ದಾರೋ ಇಲ್ಲವೋ, ಇಲ್ಲಿಂದ ಕಾಣುತ್ತಿಲ್ಲ. ಹತ್ತಿರ ಹೋಗಿ ನೋಡಬೇಕು