ಜೂನ್ ಒಂದಕ್ಕೆ ಹುಟ್ಟಿದವರು

ಜೂನ್ ಒಂದರ ಪುಟದಲ್ಲಿ ಜಾಗವೇ ಉಳಿದಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಪದ್ಮಾಬಾಯಿ ಅಂಚಿನಲ್ಲಿ ಇನ್ನೊಂದು ಹೆಸರು ತುರುಕಿ ಪೆನ್ನು ಕೆಳಗಿಟ್ಟಳು. ದಿನಕ್ಕೊಂದು ಪುಟದ ಆ ದಪ್ಪ ನೋಟುಬುಕ್ಕಿನಲ್ಲಿ ಆಯಾ ತಾರೀಖಿಗೆ ಹುಟ್ಟಿದ ದೊಡ್ಡವರು, ತೀರಿಕೊಂಡವರು, ನಡೆದ ಯುದ್ಧಗಳು ಇದ್ದವು. ಕೆಳಗೆ ಅದೇ ದಿನ ಹುಟ್ಟಿದ ಸೊರಟೂರ ಹೆಣ್ಣುಮಕ್ಕಳ ಶಾಲೆಯ ಹುಡುಗಿಯರು. ಪ್ರಾರ್ಥನೆಯಾದ ಮೇಲೆ ಅವನ್ನು ಓದಿಹೇಳುವುದು ಅವಳ ಪದ್ಧತಿ. ಹಿಂದಿನ ಹೆಡ್ ಮಾಸ್ತರರು ದಾಖಲಾದವರಿಗೆಲ್ಲ ಜೂನ್ ಒಂದನ್ನೇ ಬರೆದಿದ್ದರಿಂದ ಅರ್ಧ ಊರು ಒಂದೇ ದಿನ ಹುಟ್ಟಿತ್ತು.

"ನಮ್ಮ ಹುಡುಗೀದೂ ಅದ ರೀ ಅಕ್ಕಾರ. ಜೂನ್ ಒಂದು, ಅರವತ್ತೆರಡು. ರಜಿಸ್ಟರ ನೋಡಿ ಬರದ ಕೊಟ್ಟ್ರ ಆತು," ಎಂದ ಎದುರಿಗೆ ಕುಳಿತ ವಿರೂಪಾಕ್ಷಪ್ಪ. ಅವನು ಶಾಲಾ ಕಮಿಟಿಯ ಸದಸ್ಯ. ಪಕ್ಕದಲ್ಲಿ ಹೆಂಡತಿ ಸಿದ್ದಲಿಂಗವ್ವ. ಬಾಗಿಲಲ್ಲಿ ಮಗಳು ಗದಿಗೆವ್ವ, ಈ ವರ್ಷ ಹತ್ತನೆಯದು ಪಾಸಾದವಳು, ಗದಗಿನ ಕಾಲೇಜಿನ ಅರ್ಜಿಯನ್ನು ಸುರುಳಿ ಸುತ್ತಿ ಹಿಡಿದು ನಿಂತಿದ್ದಳು.

ಮದುವೆಗೆಂದು ವಯಸ್ಸಿನ ದಾಖಲೆ ಬೇಕಾಗಿದ್ದು ಗಂಡಿನ ಕಡೆಯವರಿಗೆ. ವರ ಸರ್ಕಾರಿ ಗುಮಾಸ್ತ. ಹೆಣ್ಣಿಗೆ ಹದಿನೆಂಟು ತುಂಬಿರಬೇಕೆಂಬ ಕಾಯ್ದೆ ಬಂದು ಎರಡು ವರ್ಷವಾಗಿತ್ತು. ನೌಕರಿಗೆ ಕುತ್ತು ಬಂದೀತೆಂದು ಅವನ ತಂದೆ ರಾಮಪ್ಪನಿಗೆ ಹೆದರಿಕೆ.

ಇದ್ದದ್ದನ್ನು ಬರೆದರೆ ಸುಳ್ಳಂತೂ ಅಲ್ಲ. ಮೂರು ವರ್ಷದಲ್ಲಿ ಎರಡು ಸಲ ವರ್ಗವಾದ ಪದ್ಮಾಬಾಯಿಗೆ ಕಮಿಟಿಯವರ ಸಿಟ್ಟು ಎಲ್ಲಿಗೆ ಒಯ್ದು ಒಗೆಯುತ್ತದೆಂದು ಗೊತ್ತಿತ್ತು. ಬಾಗಿಲ ಕಡೆ ನೋಡದೆ ಬರೆಯತೊಡಗಿದಳು. ಎರಡು ಸಾಲಿಗೆ ಕೈ ನಿಂತಿತು.

"ಸಿದ್ದಲಿಂಗವ್ವ, ಈಕಿ ಖರೆ ಎಂದ ಹುಟ್ಟ್ಯಾಳ?"

"ಆಕೀನೇನ್ ಕೇಳ್ತೀರಿ? ಎಮ್ಮಿ ಈದದ್ದೂ ನೆನಪಿರೂದಿಲ್ಲ ಆಕಿಗೆ," ವಿರೂಪಾಕ್ಷಪ್ಪ ನಕ್ಕ.

"ಎಮ್ಮಿ ಲೆಕ್ಕ ನೀವ ಇಟಗೋರಿ. ಮಗಳನ್ನ ಹಡದಾಕಿ ನಾನು." ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡಳು. "ನೆಹರೂ ಹೋದ ದಿವಸ ರೀ ಅಕ್ಕಾರ. ಮುಂಜಾನಿ. ಗುಲಾಬಬಿ ಸೂಲಗಿತ್ತಿ."

"ಮತ್ತ ಅರವತ್ತೆರಡು ಹೆಂಗಾತು?"

"ತಲಿ ಮ್ಯಾಲಿಂದ ಕೈ ಹಾಕಿ ಆಚಿ ಕಿವಿ ಮುಟ್ಟು ಅಂದ್ರು ಮಾಸ್ತರು. ಈಕೀವು ಉದ್ದನ್ನ ಕೈ. ನಾಕ ವರ್ಷಕ್ಕ ಮುಟ್ಟಿಬಿಟ್ಲು. ಆರು ತುಂಬ್ಯಾವಂತ ಬರಕೊಂಡ್ರು. ಅದಕ್ಕ ಒಂದನೇತ್ತದಾಗ ಮೂರ ವರ್ಷ ಕುಂತ್ಲು."

ಗದಿಗೆವ್ವ ಕೈಗಳನ್ನು ಬೆನ್ನ ಹಿಂದೆ ಸರಿಸಿದಳು.

ಪದ್ಮಾಬಾಯಿ ಮೇ ಇಪ್ಪತ್ತೇಳರ ಪುಟ ತೆರೆದಳು. ಸೂಟಿಯ ತಿಂಗಳು, ಅಲ್ಲಿ ಇದ್ದದ್ದು ಒಂದೇ ಸಾಲು. 1964, ನೆಹರೂ ನಿಧನ. ಹುಡುಗಿಗೆ ಹದಿನಾರು ತುಂಬಿ ವಾರವಷ್ಟೇ ಆಗಿತ್ತು.

"ಸುಮ್ಮ ಕುಂಡ್ರಲೇ," ಎಂದ ವಿರೂಪಾಕ್ಷಪ್ಪ.

"ಯಾಕ ಸುಮ್ಮ ಕುಂಡ್ರಲಿ? ಚೊಚ್ಚಲ ಹೆಣ್ಣು, ಊರಿಗೆಲ್ಲ ಪೇಡೆ ಹಂಚತೀನಂತ ಗದಗಕ್ಕ ಓಡಿದವ್ರು ಯಾರು? ಬರಿಗೈಲೆ ಯಾಕ ಬಂದ್ರಿ, ಹೇಳ್ರಿ ಅಕ್ಕಾರಗ."

ಅವನು ತೊಡೆಯ ಮೇಲಿನ ಟೊಪ್ಪಿಗೆಯನ್ನು ಒಮ್ಮೆ ತಿರುವಿದ. ಹೊರಗೆ ಹುಡುಗಿಯರು ಮಗ್ಗಿ ಒಪ್ಪಿಸುತ್ತಿದ್ದರು.

"ಅಂಗಡಿ ಎಲ್ಲಾ ಬಂದಾಗಿದ್ದೂ ರೀ," ಎಂದ ಕೊನೆಗೆ, ಮೇಜಿಗೆ ಹೇಳುವವನಂತೆ. "ಊರಿಗೆ ಬಸ್ಸೂ ಇರಲಿಲ್ಲ. ಮುಳಗುಂದದಿಂದ ನಡಕೋತ ಬಂದೆ. ಹೆಸರಿಡೂ ದಿವಸ ಹಂಚಿದೆ."

ಪದ್ಮಾಬಾಯಿ ಹೊಸ ಹಾಳೆ ತೆಗೆದುಕೊಂಡಳು. 'ಶಾಲಾ ರಜಿಸ್ಟರಿನ ಪ್ರಕಾರ 1-6-1962' ಎಂದು ಬರೆದಳು. ಅದರ ಕೆಳಗೆ ಒಂದೊಂದೇ ಶಬ್ದ ತೂಗಿ, 'ತಾಯಿಯ ಹೇಳಿಕೆಯ ಪ್ರಕಾರ 27-5-1964'. ಎರಡನ್ನೂ ಗಟ್ಟಿಯಾಗಿ ಓದಿಹೇಳಿದಳು.

"ಇದನ್ನ ನೋಡಿದ್ರ ರಾಮಪ್ಪ ಒಪ್ಪತಾನೇನ್ರಿ?" ಎಂದ ವಿರೂಪಾಕ್ಷಪ್ಪ.

"ಒಪ್ಪಲಿಕ್ಕಿಲ್ಲ ರೀ. ನನ್ನ ಸಹಿ ಬೇಕಂದ್ರ ಎರಡೂ ಸಾಲು ಇರಬೇಕು."

ವಿರೂಪಾಕ್ಷಪ್ಪ ಬೇಡವೆನ್ನಲಿಲ್ಲ. ಸಿದ್ದಲಿಂಗವ್ವ ಮಸಿಪ್ಯಾಡಿಗೆ ಹೆಬ್ಬೆರಳು ಒತ್ತಿ, ಕಾಗದದ ಮೇಲೆ ಊರಿದಳು.

ಅವನು ಕಾಗದ ಎತ್ತಿಕೊಂಡ. ರೂಢಿಯಂತೆ ಮಡಚಿ ಕಿಸೆಗಿಡಲು ಹೋದವನು ತಡೆದ. ಬೆರಳಚ್ಚು ಇನ್ನೂ ಹಸಿಯಿತ್ತು. ಎರಡೂ ತುದಿ ಹಿಡಿದು ಬಾಗಿಲ ಕಡೆ ಚಾಚಿ ನಿಂತ. ಗಾಳಿ ಬರಲೆಂದು ಗದಿಗೆವ್ವ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.