ಕೆಂಗೇರಿಯವರು ಹೆಣ್ಣು ನೋಡಲು ಬಂದದ್ದು

ಜಲಜಾಳಿಗೆ ಮನುಷ್ಯರ ಮೈ ಕಂಡರೆ ಹೇಸಿಗೆಯಾಗತೊಡಗಿ ಬಹಳ ದಿನವಾಗಿತ್ತು. ಅತ್ತಿಗುಪ್ಪೆಯಿಂದ ಮೈಸೂರು ರಸ್ತೆಯವರೆಗೆ ನಡೆದು, ಬಸ್ಸು ಹಿಡಿದು ಹೋಗಿ, ಪೇಟೆಯ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿಯುತ್ತಿದ್ದವಳು ಅವಳು. ಕೀವು, ಕಫ, ವಾಂತಿ, ಮತ್ತೆ ಕೀವು. ಮೊದಮೊದಲು ರೋಗಿ ನರಳಿದರೆ ಕರುಳು ಚುರುಕ್ ಎನ್ನುತ್ತಿತ್ತು. ಈಗ ಯಾರಾದರೂ "ಸಿಸ್ಟರ್" ಎಂದು ಕೂಗಿದರೆ ಉಸಿರು ಬಿಗಿಹಿಡಿದೇ ಮಂಚದ ಹತ್ತಿರ ಹೋಗುತ್ತಿದ್ದಳು. ಬದಲಿ ಡ್ಯೂಟಿಗೆ ಬರಬೇಕಾದ ಇಂದ್ರಮ್ಮ ತಡಮಾಡಿ ಬರುವುದು ದಿನದ ಪಾಡು. ಅವಳ ಕೊಡೆ ಬಾಗಿಲಲ್ಲಿ ಕಾಣುವ ತನಕ ಜಲಜಾ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದಳು. ಮನೆಗೆ ಬಂದು ಎಷ್ಟು ಸೀಗೆಪುಡಿ ಹಾಕಿ ಉಜ್ಜಿದರೂ ಕೈಯ ಫಿನಾಯಿಲ್ ವಾಸನೆ ಹೋಗುತ್ತಿರಲಿಲ್ಲ. ಮುದ್ದೆಯನ್ನು ಚಮಚದಲ್ಲಿ ತಿನ್ನುವ ಮಗಳನ್ನು ಕಂಡು ಅವ್ವ ಪಾಪಮ್ಮ, "ದೊರೆಸಾನಿ ಆಗ್ಬಿಟ್ಲು," ಎಂದು ಮೂಗು ಮುರಿಯುತ್ತಿದ್ದಳು.

ಇದರಿಂದ ಪಾರಾಗಲು ಜಲಜಾಳಿಗೆ ಕಾಣುತ್ತಿದ್ದ ದಾರಿ ಒಂದೇ, ಮದುವೆ. ಆದರೆ ಕಂಡವರ ಮೈ ಮುಟ್ಟುವವಳನ್ನು ಯಾರು ಸೊಸೆ ಮಾಡಿಕೊಂಡಾರು? ಬಂದ ಗಂಡುಗಳೆಲ್ಲ ನರ್ಸ್ ಎಂದ ಕೂಡಲೇ ಚಪ್ಪಲಿ ಮೆಟ್ಟಿದ್ದರು. ಹಾಗಿರುವಾಗ ಕೆಂಗೇರಿಯ ಚಿಕ್ಕಗಂಗಮ್ಮ ತಾನಾಗಿಯೇ ಹೇಳಿಕಳಿಸಿದಳು: "ಹುಡ್ಗಿ ನರ್ಸಾದ್ರೇನಂತೆ, ನಮಗೆ ಒಪ್ಪಿಗೆ. ಮದ್ವೆ ಆದ್ಮೇಲೆ ಕೆಲ್ಸಕ್ಕೆ ಹೋಗೋದು ಬ್ಯಾಡ." ಮಗ ಮುನಿರಾಜು ರಾಜಾಜಿನಗರದ ಕಾರ್ಖಾನೆಯಲ್ಲಿ ಫಿಟ್ಟರು. ಕೆಲಸಕ್ಕೆ ಹೋಗುವುದು ಬೇಡ ಎಂಬ ಮಾತು ಕೇಳಿ ಜಲಜಾ ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತುಬಿಟ್ಟಳು. ಅಷ್ಟು ಸಂತೋಷ.

ಭಾನುವಾರ ಅವರು ಎತ್ತಿನ ಗಾಡಿಯಲ್ಲಿ ಬಂದರು, ಬಂದವರಿಗೆ ಪಾಪಮ್ಮ ಉಪ್ಪಿಟ್ಟು ಕೊಟ್ಟಳು. ಜಲಜಾ ಒಳಗೆ ಮಲ್ಲಿಗೆ ಮುಡಿಯುತ್ತಿದ್ದಾಗಲೇ ಮೂಗಿಗೆ ಬೇರೆ ವಾಸನೆ ಬಡಿಯಿತು. ಅವಳಿಗೆ ಚೆನ್ನಾಗಿ ಗುರುತಿದ್ದ ವಾಸನೆ, ಬಟ್ಟೆ ಬಿಚ್ಚದೆ ಬಿಟ್ಟ ಹುಣ್ಣಿನದು. ತಾಂಬೂಲದ ತಟ್ಟೆ ಹಿಡಿದು ಹೊರಗೆ ಬಂದರೆ, ಮುನಿರಾಜುವಿನ ಅಪ್ಪ ಬೈರಯ್ಯ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. ಮೊಣಕಾಲ ಕೆಳಗೆ ಸುತ್ತಿದ್ದ ಹರುಕು ಪಂಚೆಗೆ ನೊಣ ಮುತ್ತಿದ್ದವು.

ಹೆಣ್ಣು ನೋಡಲು ಬಂದವರು ಹಾಡು ಹೇಳು ಅನ್ನುತ್ತಾರೆ, ನಡೆದು ತೋರಿಸು ಅನ್ನುತ್ತಾರೆ. ಚಿಕ್ಕಗಂಗಮ್ಮ ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿ, "ನಮ್ ಯಜಮಾನ್ರ ಕಾಲು ವಸಿ ಕಟ್ಟಿ ತೋರ್ಸವ್ವ. ಕೈಗುಣ ನೋಡಾನ," ಎಂದಳು.

"ಇವಾಗ್ಲಾ?"

"ಇನ್ಯಾವಾಗ? ನಾಳೆ ನಿನ್ನ ಮಾವನೇ ಅಲ್ವಾ? ಮನೇಲಿ ನಮ್ಮತ್ತೇನೂ ಹಾಸಿಗೆ ಹಿಡಿದವ್ಳೆ. ನಂಗೂ ಸಾಕಾಗೈತೆ. ಅದಕ್ಕೇ ಕಣವ್ವ, ನರ್ಸೇ ಬೇಕು ಅಂದಿದ್ದು."

ಪಾಪಮ್ಮ ಸಡಗರದಿಂದ ಬಿಸಿನೀರು ತಂದಿಟ್ಟಳು. ಥೂ, ಎನ್ನಿಸಿತು ಜಲಜಾಳಿಗೆ. ಆ ಸಡಗರಕ್ಕೆ, ಆ ಎಲೆಯಡಿಕೆಯ ಬಾಯಿಗೆ, ತಾನು ಹಿತ್ತಲಲ್ಲಿ ಸುರಿಸಿದ್ದ ಕಣ್ಣೀರಿಗೆ. ಆದರೂ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಳು. ಬಟ್ಟೆ ನೆನೆಸಿ ಬಿಚ್ಚಿದರೆ ಒಳಗೆ ಹುಳ ಮಿಜಿಗುಟ್ಟುತ್ತಿದ್ದವು. ಮುದುಕ ಕಣ್ಣು ಮುಚ್ಚಿ, "ನಾ ಬರಾಕಿಲ್ಲ ಅಂದೆ ಕಣ್ಮಗ, ಹೊತ್ಕೊಂಡ್ ಬಂದ್ರು," ಎಂದ. ಅವನ ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಜಲಜಾ ತನ್ನೊಳಗೆ ಕರುಣೆಗಾಗಿ ತಡಕಾಡಿದಳು. ಸಿಕ್ಕಿದ್ದು ಬರೀ ಅಸಹ್ಯ, ಅದರಲ್ಲಿ ಅರ್ಧ ತನ್ನ ಮೇಲೆಯೇ.

ಮದುವೆಗಂಡು ಜಗುಲಿಯ ತುದಿಯಲ್ಲಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ರಸ್ತೆ ನೋಡುತ್ತಿದ್ದ.

"ಬನ್ನಿ ಇಲ್ಲಿ," ಎಂದಳು ಜಲಜಾ. "ಈ ಬಟ್ಟೆ ಹಿಡ್ಕೊಳ್ಳಿ. ದಿನಾ ಹೀಗೆ ತೊಳೀಬೇಕು. ನೋಡಿ ಕಲೀರಿ."

"ನಾನಾ?"

"ನಿಮ್ಮಪ್ಪ ಅಲ್ವಾ?"

ಒದ್ದೆ ಬಟ್ಟೆ ಕೈಗೆ ತಾಗಿದ್ದೇ ತಡ, ಫಿಟ್ಟರು ಜಗುಲಿಯಿಂದ ಹಾರಿ, ಹುಣಸೆಮರದ ಬುಡದಲ್ಲಿ ಪಾಪಮ್ಮನ ಉಪ್ಪಿಟ್ಟನ್ನೆಲ್ಲ ಕಕ್ಕಿದ.

ಚಿಕ್ಕಗಂಗಮ್ಮ ಕಿಡಿಕಿಡಿಯಾಗಿ ಎದ್ದಳು. "ಊರಿಗೆ ಉಪಕಾರಿ, ಮನೆಗೆ ಮಾರಿ! ಕಂಡೋರ ಉಚ್ಚೆ ಬಾಚೋಳಿಗೆ ಈ ಪಾಟಿ ಕೊಬ್ಬಾ? ನಡೀರಿ ಹೋಗಾನ."

ಜಲಜಾ ಅವಸರ ಮಾಡಲಿಲ್ಲ. ಕಾಲನ್ನು ಪೂರ್ತಿ ತೊಳೆದು, ತನ್ನ ಹಳೆಯ ಬಿಳಿ ಸೀರೆ ಹರಿದು ಕಟ್ಟಿದ ಮೇಲೆಯೇ ಮುದುಕನನ್ನು ಗಾಡಿಗೆ ಹತ್ತಿಸಲು ಬಿಟ್ಟಳು.

ಗಾಡಿ ಮರೆಯಾದ ಮೇಲೆ ಪಾಪಮ್ಮ ತಲೆ ಚಚ್ಚಿಕೊಂಡಳು. "ಆ ಆಸ್ಪತ್ರೆ ಸಾಕಾಗೈತೆ, ಸಾಕಾಗೈತೆ ಅಂತಿದ್ಯಲ್ಲೇ! ಬಿಡಿಸ್ಕೊಳ್ಳೋ ದಾರೀನ ನೀನೇ ಮುಚ್ಕೊಂಡೆ. ಸಾಯೋಗಂಟ ಅಲ್ಲೇ ಬಿದ್ದಿರು!"

ಜಲಜಾ ಬಚ್ಚಲ ಕಲ್ಲಿನ ಮೇಲೆ ಕೂತು ಕೈ ಉಜ್ಜುತ್ತಿದ್ದಳು. ಅಳು ಬರಲಿಲ್ಲ.

"ಅಲ್ಲಾದ್ರೆ ತಡವಾಗಿಯಾದ್ರೂ ಇಂದ್ರಮ್ಮ ಬರ್ತಾಳೆ ಕಣವ್ವ," ಎಂದಳು. "ಅವ್ರ ಮನೇಲಿ ನನ್ನ ಬದ್ಲಿಗೆ ಯಾರು ಬರ್ತಿದ್ರು?"